ಕಾವೇರಿಯ ತಡಿಯಲ್ಲಿ ಎರಡು ವಲಸೆಗಳು

ಕೊಡಗಿನ ಪ್ರವಾಸಕ್ಕೆ ಹೊರಟ ಸಂಸಾರಗಳು ದುಬಾರೆಯನ್ನೂ ಬೈಲಕುಪ್ಪೆಯನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವುದು ವಾಡಿಕೆ. ಬೆಳಿಗ್ಗೆ ದುಬಾರೆಯ ಬಳಿ ಕಾವೇರಿಯಲ್ಲಿ ಆನೆಗಳ ಮಜ್ಜನವನ್ನು ಮಕ್ಕಳಿಗೆ ತೋರಿಸಿ, ನಂಜರಾಯಪಟ್ಟಣದ ಮಾರ್ಗವಾಗಿ ಕುಶಾಲನಗರಕ್ಕೆ ಬಂದು, ಅಲ್ಲಿ ಹೊಳೆ ದಾಟಿದರೆ ಮೈಸೂರು ಜಿಲ್ಲೆ. ಮಧ್ಯಾಹ್ನದ ಹೊತ್ತಿಗೆ ಬೈಲಕುಪ್ಪೆಯ ಸ್ವರ್ಣಮಂದಿರದಲ್ಲಿ ಬುದ್ಧನ ಎತ್ತರದ ಪ್ರತಿಮೆಯ ಮುಂದೆ ನಿಲ್ಲಬಹುದು. ಕಾಡು, ಹೊಳೆ, ಕಾಫಿಯ ತೋಟ, ಮುಸುಕಿನ ಜೋಳದ ಹೊಲ, ದೇವಾಲಯ ಎಲ್ಲವೂ ಇಪ್ಪತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿಯೇ ಕಣ್ಣಿಗೆ ಬೀಳುತ್ತವೆ. ಆದರೆ ಇದೇ ದಾರಿಯ ಎಡಬಲಗಳಲ್ಲಿ, ಎಲ್ಲಿಂದಲೋ ಬಂದು ನೆಲಸಿದ ಎರಡು ಜನಸಮುದಾಯಗಳ ಎರಡು ಬಗೆಯ ಬಾಳು ಸಾಗುತ್ತಿರುವುದು ಪ್ರವಾಸಿಗಳ ಗಮನಕ್ಕೆ ಬರುವುದು ಅಪರೂಪ.

ದುಬಾರೆಯ ಹಾಡಿಯ ಜೇನುಕುರುಬರು ಈ ಕಾಡಿನ ಮೂಲನಿವಾಸಿಗಳು. ಜೇನು ಕೀಳುವ ಕಸುಬಿನಿಂದ ಹೆಸರು ಪಡೆದ ಇವರು ಆನೆಗಳಿಗೆ ಮಾವುತರು, ಕಾವಾಡಿಗಳು. ಅವರ ಕಥೆಯೇ ಬೇರೆ. ಇಲ್ಲಿ ಹೇಳಹೊರಟಿರುವುದು ಹೊರಗಿನಿಂದ ಬಂದವರ ಮಾತು. ಒಬ್ಬರು ಹಿಮಾಲಯದ ಆಚೆಯಿಂದ ಬಂದ ಟಿಬೆಟನ್ನರು. ಮತ್ತೊಬ್ಬರು ನೆರೆಯ ವಯನಾಡಿನಿಂದ ಬಂದವರೆನ್ನಲಾದ ಎರವರು. ದೂರದಿಂದ ಬಂದವರಿಗೆ ಈ ಮಣ್ಣು ಒದಗಿ ಬಂದಿತು. ಹತ್ತಿರದಿಂದ ಬಂದವರಿಗೆ ಒದಗಲಿಲ್ಲ. ಇದಕ್ಕೆ ಕಾರಣವೇನು?

ಹಿಮನಾಡಿನ ನಿರಾಶ್ರಿತರು

1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾ ನಗರದಲ್ಲಿ ಚೀನೀಯರ ವಿರುದ್ಧ ದಂಗೆಯೆದ್ದಿತು. ದಲೈ ಲಾಮಾ ಅವರು ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಮಂದಿ ಪ್ರಜೆಗಳು ಬಂದರು. ಮಂಜಿನ ನಾಡಿನ ಜನಕ್ಕೆ ಬಯಲುಸೀಮೆಯ ಬಿಸಿಲು ಅಪರಿಚಿತ. ಎಷ್ಟೋ ಜನ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ಆಗ ಪ್ರಧಾನಿ ನೆಹರೂ ಅವರು ನಿರಾಶ್ರಿತರ ನೆಲೆಗಾಗಿ ಭೂಮಿ ಒದಗಿಸುವಂತೆ ರಾಜ್ಯಗಳನ್ನು ಕೇಳಿಕೊಂಡರು. ಅದಕ್ಕೆ ಉದಾರವಾಗಿ ಓಗೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ಮುಖ್ಯವಾದುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಗೊತ್ತಾಯಿತು. 1960-61ರಲ್ಲಿ ಅಲ್ಲಿ ಲುಗ್ಸುಂಗ್ ಸಂಡುಪ್ಲಿಂಗ್ ಎಂಬ ವಸಾಹತು ತಲೆಯೆತ್ತಿತು. 1969ರಲ್ಲಿ ಅದರ ಪಕ್ಕದಲ್ಲಿಯೇ ಡಿಕ್ಯಿ ಲಾರ್ಸೋ ಎಂಬ ಎರಡನೆಯ ವಸಾಹತು ಸೇರಿಕೊಂಡಿತು.

ಮೊದಲ ವರ್ಷಗಳು ಸುಖದವೇನಲ್ಲ. ಡೇರೆಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ವಾಸ; ಹಗಲೆಲ್ಲ ಮರ ಕಡಿದು ಬೇರು ಕೀಳುವ ಕೆಲಸ. ಬಿಸಿಲಿಗೂ ಕಾಯಿಲೆಗೂ ತುತ್ತಾದವರು ಅನೇಕರು. ಬಿತ್ತಿದ ಬೆಳೆಯನ್ನು ಕಾಡಾನೆಗಳು ತುಳಿದು ಹೋಗುತ್ತಿದ್ದವು. ಆದರೂ ಕಡಿದು ಹಸನು ಮಾಡಿದ ನೆಲ ಅವರ ಸಾಗುವಳಿಗೇ ದೊರೆಯಿತು. ತಲೆಗೆ ಹೆಚ್ಚುಕಡಿಮೆ ಒಂದು ಎಕರೆಯ ಲೆಕ್ಕದಲ್ಲಿ ಕುಟುಂಬಗಳಿಗೆ ಹೊಲ ಹಂಚಿಕೆಯಾಯಿತು. ಸಹಕಾರ ಸಂಘ ಬಂದಿತು. ಟ್ರಾಕ್ಟರು, ಬೀಜ, ಗೊಬ್ಬರಗಳು ಸಂಘದ ಮೂಲಕ ಒದಗಿದವು. 1961ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಮಕ್ಕಳಿಗಾಗಿಯೇ ಪ್ರತ್ಯೇಕ ಶಾಲೆಗಳ ಆಡಳಿತವನ್ನು ಸ್ಥಾಪಿಸಿತು. ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಕರ್ನಾಟಕದ ಗ್ರಾಮಾಭಿವೃದ್ಧಿಯಲ್ಲಿ ದೊಡ್ಡ ಹೆಸರಾಯಿತು. ಬೈಲಕುಪ್ಪೆಯ ಮಾದರಿಯನ್ನು ಅನುಸರಿಸಿ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ವಸಾಹತುಗಳು ಬೆಳೆದವು.

ವಯನಾಡಿನ ಎರವರು

ಎರವರ ವಲಸೆಗೆ ಇಂಥ ತೇದಿಯಿಲ್ಲ. ಅವರನ್ನು ಎದುರುಗೊಳ್ಳಲು ಅಧಿಕಾರಿಗಳು ನಿಂತಿರಲಿಲ್ಲ. ದಾಖಲೆ ಬರೆದಿಟ್ಟವರೂ ಇರಲಿಲ್ಲ. ಅವರ ಪೂರ್ವಿಕರು ವಯನಾಡಿನಿಂದ ಕೊಡಗಿಗೆ ಬಂದರೆಂಬುದು ಹಳೆಯ ಹೇಳಿಕೆ. ಮಲೆಯಾಳಕ್ಕೆ ಸಮೀಪವಾದ ಅವರ ನುಡಿಯೂ ಇದನ್ನೇ ಸೂಚಿಸುತ್ತದೆ. ಪಂಜಿರಿ ಎರವರು, ಪಣಿಯ ಎರವರು ಎಂದು ಅವರಲ್ಲಿ ಪಂಗಡಗಳುಂಟು. ಪಂಜಿರಿ ಎರವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಪಣಿಯರ ದೊಡ್ಡ ಸಮುದಾಯ ಇಂದಿಗೂ ವಯನಾಡಿನಲ್ಲಿದೆ. ಎರವಲಾಗಿ ತಂದ ಜನವೆಂಬ ಅರ್ಥದಿಂದಲೇ ಎರವರೆಂಬ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ಈ ಪದವಿಚಾರ ನಿಜವೋ ಅಲ್ಲವೋ, ಅವರ ಬಾಳಿಗೆ ಅದು ಒಪ್ಪುವ ಮಾತೇ ಆಗಿದೆ. ವಯನಾಡಿನ ಮಾನಂತವಾಡಿಯ ಬಳಿ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನುದಾರರು ಆಳುಗಳಿಗೆ ಮುಂಗಡ ಕೊಟ್ಟು ವರ್ಷದ ದುಡಿಮೆಗೆ ಕಟ್ಟಿಕೊಳ್ಳುತ್ತಿದ್ದ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ಇದ್ದಿತು.

1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯಾಗಿ ಕೊಡಗು ಆಂಗ್ಲರ ವಶವಾದಾಗ ಎರವರು ಗದ್ದೆಗಳಲ್ಲಿ ಒಡೆಯರ ಆಳುಗಳಾಗಿದ್ದರು. 1843ರ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೊಡೆದುಹಾಕಿತು. ಆದರೆ ಕಾಯಿದೆ ಬಿಡಿಸಿದ ಆಳಿಗೆ ಹೋಗಿ ನಿಲ್ಲಲು ಅಂಗೈಯಗಲ ಜಾಗವಿರಲಿಲ್ಲ. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟವನ್ನು ತೆರೆದ ಮೇಲೆ ಬೆಟ್ಟಬೆಟ್ಟಗಳೇ ತೋಟಗಳಾದವು. ದುಡಿಯುವ ಕೈಗಳಿಗೆ ಬೇಡಿಕೆ ಹೆಚ್ಚಿತು. ಗದ್ದೆಯ ಆಳು ತೋಟದ ಆಳೂ ಆದನು. ಬದಲಾದುದು ಬೆಳೆ, ಆಳಿನ ನೆಲೆ ಬದಲಾಗಲಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಎರವರ ಸಂಖ್ಯೆ ಸುಮಾರು 30 ಸಾವಿರ. ಅವರಲ್ಲಿ ಬಹುಪಾಲು ಜನ ಕೊಡಗಿನವರು, ಅದರಲ್ಲಿಯೂ ದಕ್ಷಿಣ ಕೊಡಗಿನವರು.

ಮನೆ ಯಾರದು?

ಎರಡು ಸಮುದಾಯಗಳ ಅಂತರವನ್ನು ಅಳೆಯಲು ಮೊದಲು ಮನೆಯ ಹೊಸ್ತಿಲಿಗೆ ಹೋಗಬೇಕು. ಕಾಫಿ ತೋಟಗಳಲ್ಲಿ ಕೂಲಿಗಾರರಿಗಾಗಿ ಸಾಲಾಗಿ ಕಟ್ಟಿದ ಕೋಣೆಗಳಿಗೆ ಲೈನುಮನೆಗಳೆಂದು ಹೆಸರು. 1951ರ ತೋಟ ಕಾರ್ಮಿಕರ ಕಾಯಿದೆ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ದೊಡ್ಡ ತೋಟಗಳ ಮೇಲೆ ಹೊರಿಸಿತು. ಇದು ಒಳ್ಳೆಯ ಕಾನೂನೇ ಸರಿ. ಆದರೆ ಕೆಲಸದ ಜೊತೆಗೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತದೆ. ಒಡೆಯನೊಡನೆ ಮಾತು ಕೆಟ್ಟರೆ, ಮೈಯಲ್ಲಿ ಕಸುವು ಕುಂದಿದರೆ, ತೋಟ ಕೈ ಬದಲಾದರೆ ಪಾತ್ರೆಪಡಗಗಳೊಡನೆ ಹೊರಗೆ ನಿಲ್ಲಬೇಕಾದೀತು. ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಮುಂಗಡ ತೀರದೆ ಉಳಿದರೆ ಅದೇ ಕಾಲಿಗೆ ಬಳ್ಳಿಯಾಗುತ್ತದೆ. 1976ರಲ್ಲಿ ಜೀತಪದ್ಧತಿ ರದ್ದಿಯಾತಿಯ ಕಾಯಿದೆ ಬಂದಿತು. ಆ ಹೆಸರಿನ ಜೀತ ಅಡಗಿದರೂ, ಸಾಲಕ್ಕೂ ಸೂರಿಗೂ ಸೇರಿಸಿ ಹಾಕಿದ ಗಂಟು ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ.

ಬೈಲಕುಪ್ಪೆಯ ಮನೆ ಹೀಗಲ್ಲ. ಅಲ್ಲಿಯೂ ನೆಲ ನಿವಾಸಿಗಳ ಸ್ವಂತದ್ದಲ್ಲ. ಸರ್ಕಾರದಿಂದ ಅನುಭೋಗಕ್ಕೆ ದೊರೆತದ್ದು. ಆದರೆ ಕೂಲಿಗೆ ಹೋಗದ ದಿನ ಅಲ್ಲಿ ಯಾರೂ ಬಾಗಿಲು ಮುಚ್ಚಿಸಲಾರರು. ಈ ಒಂದು ಭದ್ರತೆಯ ಮೇಲೆ ಉಳಿದೆಲ್ಲ ಏಳಿಗೆ ನಿಂತಿತು. ಮಳೆಗಾಲದಲ್ಲಿ ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ತಿರುಗಿ ಉಣ್ಣೆಯ ಅಂಗಿಗಳನ್ನು ಮಾರಿ ಹಿಂದಿರುಗುವವನಿಗೆ ಹಿಂದಿರುಗಲು ಮನೆಯಿದ್ದಿತು. ನಮ್ಮ ಊರುಗಳ ರಸ್ತೆಬದಿಯಲ್ಲಿ ಚಳಿಗಾಲಕ್ಕೆ ಕಾಣಿಸಿಕೊಳ್ಳುವ ಆ ಸ್ವೆಟರಿನ ಅಂಗಡಿಗಳ ಬೆನ್ನಿಗಿದ್ದುದು ಇಂಥ ಹೊಲಗಳೇ. 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ಮಠ, ಆಮೇಲೆ ಇಲ್ಲಿ ಮರಳಿ ನೆಲೆಗೊಂಡ ಸೆರಾ ಮಠ, 1999ರಲ್ಲಿ ತೆರೆದ ಸ್ವರ್ಣಮಂದಿರ ಇವೆಲ್ಲ ವಿದ್ಯೆಯ ಜೊತೆಗೆ ವ್ಯಾಪಾರವನ್ನೂ ತಂದವು. ಅದರ ಲಾಭ ಸುತ್ತಲಿನ ಕನ್ನಡಿಗರಿಗೂ ತಲಪಿತೆಂಬುದನ್ನು ಮರೆಯಬಾರದು.

ಪಾಠಶಾಲೆ ಮತ್ತು ಮಾತೃಭಾಷೆ

ಟಿಬೆಟನ್ನರು ಇಡೀ ಸಮುದಾಯವಾಗಿ ಬಂದರು, ಸಮುದಾಯವಾಗಿಯೇ ನೆಲೆಗೊಂಡರು. ಅವರೊಡನೆ ಗುರುಗಳು, ಗ್ರಂಥಗಳು, ಮುಂದಾಳುಗಳು ಬಂದರು. ಜಗತ್ತಿನ ಕಣ್ಣೂ ಅವರ ಮೇಲಿದ್ದಿತು. ಅವರ ಮಗು ತನ್ನ ಶಾಲೆಯಲ್ಲಿ ತನ್ನ ನುಡಿಯನ್ನೇ ಮೊದಲು ಕೇಳಿತು. ಎರವರಾದರೋ ಒಂದೊಂದು ತೋಟಕ್ಕೆ ನಾಲ್ಕಾರು ಕುಟುಂಬಗಳಂತೆ ಚದರಿಹೋದರು. ಅವರ ನುಡಿಗೆ ಸ್ವಂತ ಲಿಪಿಯಿಲ್ಲ. ಶಾಲೆಗೆ ಕಾಲಿಟ್ಟ ಎರವರ ಮಗುವಿಗೆ ಮೊದಲ ದಿನವೇ ಮಾಸ್ತರರ ಮಾತು ಅನ್ಯಭಾಷೆ. ತಂದೆತಾಯಿಗಳು ಕೆಲಸವಿದ್ದ ತೋಟಕ್ಕೆ ಗುಳೆ ಹೋದಾಗ ಮಗುವೂ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಸರ್ಕಾರ ಸುಮ್ಮನಿದ್ದಿತೆಂದಲ್ಲ. ಎರವರು ಪರಿಶಿಷ್ಟ ಪಂಗಡದವರು. ಎಪ್ಪತ್ತರ ದಶಕದಲ್ಲಿ ಕೊಡಗೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಆರಂಭವಾಯಿತು. ಆಶ್ರಮ ಶಾಲೆಗಳು, ಗಿರಿಜನ ಸಹಕಾರ ಸಂಘಗಳು ಬಂದವು. ಓದಿ ನೌಕರಿ ಹಿಡಿದವರು, ಗ್ರಾಮ ಪಂಚಾಯಿತಿಗೆ ಆರಿಸಿಬಂದವರು ಎರವರಲ್ಲಿಯೂ ಇದ್ದಾರೆ. ಆದರೆ ಈ ಸವಲತ್ತುಗಳ ಬಾಗಿಲಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ವಿಳಾಸವೇನು?’ ಎಂಬುದು. ಲೈನುಮನೆಯ ವಿಳಾಸ ತೋಟದ ಒಡೆಯನದು. ಪಡಿತರ ಚೀಟಿ, ಜಾತಿಯ ದಾಖಲೆಪತ್ರ, ಮನೆ ಕಟ್ಟಲು ಸಹಾಯಧನ ಎಲ್ಲವೂ ಆ ಪ್ರಶ್ನೆಯ ಮುಂದೆ ತಡವರಿಸಿ ನಿಲ್ಲುತ್ತವೆ.

ಹಬ್ಬಗಳಲ್ಲಿಯೂ ಈ ಅಂತರದ ನೆರಳುಂಟು. ಟಿಬೆಟನ್ನರ ಹೊಸ ವರ್ಷ ‘ಲೋಸರ್’ ಬಂದಾಗ ಬೈಲಕುಪ್ಪೆಯಲ್ಲಿ ಪ್ರಾರ್ಥನೆ, ಹೊಸ ಬಟ್ಟೆ, ಬಂಧುಗಳ ಭೇಟಿ. ಮೇ ತಿಂಗಳಲ್ಲಿ ಗೋಣಿಕೊಪ್ಪಲಿನ ಕಡೆಯ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಎರವರೂ ಕುರುಬರೂ ವಿಚಿತ್ರ ವೇಷ ಧರಿಸಿ, ತಮಟೆ ಬಡಿದು, ದೇವರನ್ನೂ ದಾರಿಹೋಕರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಅಂದು ಯಾರೂ ಸಿಟ್ಟಾಗುವಂತಿಲ್ಲ. ನೋಡುವವರಿಗೆ ಅದು ವಿನೋದ. ವರ್ಷವೆಲ್ಲ ಬಾಯಿ ಮುಚ್ಚಿ ದುಡಿದವರಿಗೆ ಅದು ಮಾತಿನ ಬಿಡುಗಡೆಯ ದಿನವೂ ಹೌದು.

ಕಾಗದದ ಬಲ

ಇಷ್ಟು ಓದಿದ ವಾಚಕರಿಗೆ ಟಿಬೆಟನ್ನರ ಭಾಗ್ಯವೇ ದೊಡ್ಡದೆಂದು ತೋರಬಹುದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಎರವನು ಈ ದೇಶದ ಪ್ರಜೆ. ಮತ ಹಾಕುತ್ತಾನೆ, ಮೀಸಲಾತಿಗೆ ಹಕ್ಕುದಾರನಾಗಿದ್ದಾನೆ. ಬೈಲಕುಪ್ಪೆಯಲ್ಲಿಯೇ ಹುಟ್ಟಿ, ಸೊಗಸಾಗಿ ಕನ್ನಡ ಮಾತನಾಡುವ ಎಷ್ಟೋ ಟಿಬೆಟನ್ನರು ಇಂದಿಗೂ ವಿದೇಶೀಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತ ಬಾಳಬೇಕಾಗಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಜನಿಸಿದವರು ಜನ್ಮತಃ ಪ್ರಜೆಗಳೆಂಬುದನ್ನು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿ ಟಿಬೆಟನ್ ಯುವತಿಯೊಬ್ಬಳ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಆದರೂ ಆ ಹಕ್ಕನ್ನು ಬಳಸಿಕೊಳ್ಳದೆ, ತಾಯ್ನಾಡಿಗೆ ಮರಳುವ ಆಸೆಯನ್ನು ಹಿಡಿದು ನಿರಾಶ್ರಿತರಾಗಿಯೇ ಉಳಿದವರು ಅನೇಕರು. 2014ರ ಪುನರ್ವಸತಿ ನೀತಿ ವಸಾಹತುಗಳ ಭೂಮಿಗೆ ಗುತ್ತಿಗೆಯ ಪತ್ರ ನೀಡಲು ದಾರಿ ಮಾಡಿತು. ಒಡೆತನ ಮಾತ್ರ ಕೊಡಲಿಲ್ಲ.

ಇತ್ತ ಸಂಸಾರಗಳು ಬೆಳೆದಂತೆ ಹೊಲ ಸಾಲದಾಯಿತು. ತಡವಾಗಿ ಬಂದವರಿಗೆ ಹೊಲವೇ ಇಲ್ಲ. ಓದಿದ ತರುಣರು ಬೆಂಗಳೂರಿಗೂ ಯೂರೋಪು ಅಮೆರಿಕಗಳಿಗೂ ಹೋಗುತ್ತಿದ್ದಾರೆ. ಮುದುಕರು ಜಪಚಕ್ರ ತಿರುಗಿಸುತ್ತ ಫೋನಿನ ಕರೆಗೆ ಕಾಯುತ್ತಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ನೆಲ ದೊರೆತರೂ ನಾಡು ದೊರೆಯದವರ ಸಂಕಟವಿದು. ನಾಡು ದೊರೆತರೂ ನೆಲ ದೊರೆಯದವರ ಸಂಕಟ ಎರವರದು.

ದಿಡ್ಡಳ್ಳಿಯಿಂದ ಬಸವನಹಳ್ಳಿಗೆ

ದುಬಾರೆಯ ದಕ್ಷಿಣಕ್ಕೆ, ಸಿದ್ದಾಪುರ ಮಾಲ್ದಾರೆಗಳ ಕಡೆಯ ದಿಡ್ಡಳ್ಳಿಯಲ್ಲಿ ಈ ಎರಡನೆಯ ಸಂಕಟ ನಾಡಿಗೆಲ್ಲ ಕೇಳಿಸಿತು. ಲೈನುಮನೆಗಳನ್ನು ಬಿಟ್ಟು ಬಂದ ಎರವ, ಜೇನುಕುರುಬ ಮುಂತಾದ ಕುಟುಂಬಗಳು ಅಲ್ಲಿನ ಕಾಡಿನಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರಿನಲ್ಲಿ, ಇದು ಮೀಸಲು ಅರಣ್ಯವೆಂಬ ಕಾರಣದಿಂದ, ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಜನ ಕದಲಲಿಲ್ಲ. ಚಳಿಯಲ್ಲಿ ಮರದ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡು ತಿಂಗಳುಗಟ್ಟಲೆ ಹೋರಾಡಿದರು. ಕೊನೆಗೆ ಸರ್ಕಾರ ಕುಶಾಲನಗರದ ಬಳಿಯ ಬಸವನಹಳ್ಳಿಯಲ್ಲಿ, ಸೋಮವಾರಪೇಟೆ ಸೀಮೆಯ ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟು ಮನೆಗಳನ್ನು ಕಟ್ಟಿಸಿತು.

ಹೀಗೆ, ಬೈಲಕುಪ್ಪೆಯಿಂದ ಕೂಗಳತೆಗೆ ಸ್ವಲ್ಪವೇ ಆಚೆ ಇನ್ನೊಂದು ವಸಾಹತು ಹುಟ್ಟಿತು. ಎರವರ ಪಾಲಿಗೆ ತೋಟದ ಒಡೆಯನ ಹೆಸರಿಲ್ಲದ ವಿಳಾಸ ದೊರೆತುದು ಸಣ್ಣ ಸಂಗತಿಯಲ್ಲ. ಆದರೆ ದೊರೆತದ್ದು ಮನೆಯಷ್ಟೆ, ಉಳುವ ಹೊಲವಲ್ಲ. ಅನ್ನಕ್ಕಾಗಿ ಬೆಳಗಾದರೆ ಕೂಲಿ ಅರಸಿ ದೂರದ ತೋಟಗಳಿಗೆ ಹೋಗುವುದು ತಪ್ಪಲಿಲ್ಲ.

ಒಂದು ಸಮುದಾಯ ಶ್ರಮಶೀಲ, ಇನ್ನೊಂದು ಸೋಮಾರಿ ಎಂದು ತೀರ್ಪು ಕೊಡುವವರು ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ. ಕೊಡಗಿನ ಕಾಫಿಯ ಗಿಡಗಳ ಬುಡದಲ್ಲಿ ತಲೆಮಾರುಗಳಿಂದ ಬಿದ್ದ ಬೆವರು ಯಾರದೆಂದು ಅವರು ಯೋಚಿಸುವುದಿಲ್ಲ. ರಸ್ತೆಯ ಕೂಲಿಗಳಾಗಿದ್ದ ನಿರಾಶ್ರಿತರನ್ನು ಒಂದೇ ತಲೆಮಾರಿನಲ್ಲಿ ರೈತರನ್ನಾಗಿ ಮಾಡಿದುದು ಅವರ ದುಡಿಮೆ. ಆ ದುಡಿಮೆ ಫಲಿಸುವಂತೆ ಮಾಡಿದುದು ಕೂಡಿ ಬಾಳಲು ದೊರೆತ ನೆಲ, ಶಾಲೆ ಮತ್ತು ಸಂಘ. ನೆರೆಯವರಿಗೆ ದೊರೆತುದನ್ನು ಕಂಡು ಕರುಬಬೇಕಾಗಿಲ್ಲ. ಈ ರಾಜ್ಯ ಮನಸ್ಸು ಮಾಡಿದರೆ ಏನು ಮಾಡಬಲ್ಲದೆಂಬುದಕ್ಕೆ ಬೈಲಕುಪ್ಪೆ ಸಾಕ್ಷಿಯಾಗಿದೆ. 1960ರಲ್ಲಿ ದೂರದ ಅತಿಥಿಗೆ ತೋರಿದ ಆ ಔದಾರ್ಯವನ್ನು, ಅದಕ್ಕೂ ಬಹಳ ಮೊದಲೇ ಬಂದು ಇನ್ನೂ ಹೊಸ್ತಿಲಿನಲ್ಲಿಯೇ ನಿಂತಿರುವ ಎರವರಿಗೂ ತೋರುವುದು ಉಳಿದಿದೆ.