ಉದ್ಯೋಗಾರ್ಥಿಯ ಸ್ವಪರಿಚಯ ಪತ್ರ

ಉದ್ಯೋಗವನ್ನರಸುವ ಮಗನೋ ಮಗಳೋ ಇಲ್ಲದ ಮನೆ ನಮ್ಮ ಊರುಗಳಲ್ಲಿ ವಿರಳ. ನಿಮ್ಮ ಮನೆಯೂ ಅಂಥದಾಗಿದ್ದರೆ, ಬಯೋಡೇಟಾ ಎಂದೋ ರೆಸ್ಯೂಮೆ ಎಂದೋ ಕರೆಯಲ್ಪಡುವ ಒಂದೆರಡು ಪುಟದ ಕಾಗದವನ್ನು ನೀವು ಕಂಡೇ ಇರುತ್ತೀರಿ. ಅದು ಜೀವನಚರಿತ್ರೆಯಲ್ಲ. ಸಂದರ್ಶನಕ್ಕೆ ಕರೆ ತರಿಸುವುದಷ್ಟೇ ಅದರ ಪ್ರಯೋಜನ. ಕೆಲಸವನ್ನೇ ಕೊಡಿಸುವ ಭಾರವನ್ನು ಅದರ ಮೇಲೆ ಹೊರಿಸಬೇಕಾಗಿಲ್ಲ.

ಈ ಮಾತು ನನಗೆ ತಿಳಿದದ್ದು ತಡವಾಗಿ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪತ್ರವನ್ನು ಹಿಡಿದು ಬಂದಳು. ಬಿ.ಕಾಂ. ಮುಗಿಸಿದ ಹುಡುಗಿ. ಮೂವತ್ತು ಕಡೆಗೆ ಕಳುಹಿಸಿದ್ದಳಂತೆ, ಒಂದು ಕಡೆಯಿಂದಲೂ ಕರೆಯಿಲ್ಲ. ಮೊದಲಿಗೆ ತಂದೆಯ ಹೆಸರು, ಧರ್ಮ, ಮಾತೃಭಾಷೆ, ಬಳಿಕ ಹವ್ಯಾಸಗಳು, ನಡುವೆ, ತಾನು ಪ್ರಾಮಾಣಿಕಳೂ ಶ್ರಮಜೀವಿಯೂ ಉತ್ಸಾಹಿಯೂ ಆಗಿರುವುದಾಗಿ ಒಂದು ವಾಕ್ಯ. ಓದುತ್ತಿದ್ದಂತೆ ನನಗೆ ನಾಚಿಕೆಯಾಯಿತು. ಹತ್ತನೆಯ ತರಗತಿಯ ಕಪ್ಪುಹಲಗೆಯ ಮೇಲೆ ನಾನೇ ವರ್ಷ ವರ್ಷವೂ ಬರೆಸುತ್ತಿದ್ದ ಮಾದರಿ ಅದು!

ವ್ಯಾಕರಣದ ದೃಷ್ಟಿಯಿಂದ ನೋಡಿ: ಎಲ್ಲವೂ ವಿಶೇಷಣ, ಮಾಡಿದ ಕೆಲಸವನ್ನು ಹೇಳುವ ಕ್ರಿಯಾಪದ ಒಂದೂ ಇಲ್ಲ. ಪ್ರಾಮಾಣಿಕನಲ್ಲವೆಂದು ಯಾರು ತಾನೆ ಬರೆದುಕೊಂಡಾರು?

"ಎರಡು ವರ್ಷ ಏನು ಮಾಡುತ್ತಿದ್ದೆ?" ಎಂದೆ.

"ಮನೆಯಲ್ಲೇ ಇದ್ದೆ ಸಾರ್. ಹಾಲಿನ ಸೊಸೈಟಿಯ ಲೆಕ್ಕ ಬರೀತಿದ್ದೆ, ಅಷ್ಟೆ."

ಅವಳು ಅರ್ಜಿ ಹಾಕುತ್ತಿದ್ದುದು ಲೆಕ್ಕಪತ್ರ ಸಹಾಯಕರ ಹುದ್ದೆಗೆ! ಇಬ್ಬರೂ ಕುಳಿತು ಹೀಗೆ ಬರೆದೆವು: "ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ವರ್ಷ, 140 ಸದಸ್ಯರ ಹಾಲಿನ ಅಳತೆ ಮತ್ತು ಜಿಡ್ಡಿನಂಶಕ್ಕೆ ಅನುಗುಣವಾಗಿ ಹಣದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಟ್ಟೆನು, ಬಟವಾಡೆಯ ಪಟ್ಟಿಯನ್ನು ಸಿದ್ಧಪಡಿಸಿದೆನು." ಇದನ್ನು ಪುಟದ ಮೇಲ್ಭಾಗಕ್ಕೆ ತಂದೆವು. ಹವ್ಯಾಸಗಳು ಹೋದವು.

ಕೇಳುವವನಿಗೆ ಬೇಕಾದುದನ್ನು ಮೊದಲು ಹೇಳುವುದು ಹೊಸ ಉಪಾಯವೇನೂ ಅಲ್ಲ. ಇಟಲಿಯ ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಪತ್ರದ ಕರಡು ಇಂದಿಗೂ ಆ ನಗರದ ಗ್ರಂಥಾಲಯದಲ್ಲಿದೆ. ಆ ಮಹಾಚಿತ್ರಕಾರ ಅದರಲ್ಲಿ ಹಗುರವಾದ ಸೇತುವೆ, ಫಿರಂಗಿ, ಕಂದಕದ ನೀರು ತೆಗೆಯುವ ಬಗೆ ಎಂದು ಯುದ್ಧೋಪಯೋಗಿ ವಿದ್ಯೆಗಳನ್ನೇ ಮುಂದಿಟ್ಟು, ಚಿತ್ರಕಲೆಯ ಮಾತನ್ನು ಕೊನೆಗೆ ತಂದಿದ್ದಾನೆ. ಪ್ರಭುವಿಗೆ ಆಗ ಏನು ಬೇಕೆಂಬುದನ್ನು ಅವನು ಬಲ್ಲ.

ಆದ್ದರಿಂದ ಜಾಹೀರಾತನ್ನು ಎರಡು ಸಲ ಓದಿ. ಅದರಲ್ಲಿ ಟ್ಯಾಲಿ, ಜಿ.ಎಸ್.ಟಿ. ಎಂಬ ಮಾತುಗಳಿದ್ದು ನಿಮ್ಮ ಮಕ್ಕಳಿಗೆ ಅವು ನಿಜವಾಗಿ ಬರುವುದಾದರೆ, ಅವೇ ಶಬ್ದಗಳನ್ನು ಬಳಸಲಿ. ದೊಡ್ಡ ಕಂಪನಿಗಳಲ್ಲಿ ಈಗ ಪತ್ರವನ್ನು ಮೊದಲು ಓದುವುದು ಎಷ್ಟೋ ವೇಳೆ ಕಂಪ್ಯೂಟರೇ. ಅಂಚಿನ ಹೂಬಳ್ಳಿ, ಚೌಕಟ್ಟುಗಳಿಂದ ಅದು ತಬ್ಬಿಬ್ಬಾಗುವುದುಂಟು. ಇತ್ತೀಚಿನ ಕೆಲಸ ಮೊದಲು, ಹಳೆಯದು ಆಮೇಲೆ. ಹೊಸಬರಿಗೆ ಒಂದು ಪುಟ ಧಾರಾಳ. ಜಾತಿ, ಆಧಾರ್ ಸಂಖ್ಯೆ ಬೇಡ; ದೂರವಾಣಿ ಸಂಖ್ಯೆಯಲ್ಲಿ ಮಾತ್ರ ಒಂದಂಕಿಯೂ ತಪ್ಪಕೂಡದು. ಸರ್ಕಾರಿ ಹುದ್ದೆಗಳ ದಾರಿ ಬೇರೆ: ಅಲ್ಲಿ ಸಾಮಾನ್ಯವಾಗಿ ನಿಗದಿತ ಅರ್ಜಿಯನ್ನೇ ತುಂಬತಕ್ಕದ್ದು.

ಬಾರದ ವಿದ್ಯೆಯನ್ನು ಬರೆಯುವ ಚಪಲವೊಂದುಂಟು. ಸಂದರ್ಶಕರು ಪ್ರಶ್ನೆಗಳನ್ನು ಹೆಕ್ಕುವುದು ಇದೇ ಕಾಗದದಿಂದ ಎಂಬುದನ್ನು ಮಕ್ಕಳಿಗೆ ನೆನಪಿಸಿ.

ಆ ಹುಡುಗಿ ಹೊಸ ಪತ್ರವನ್ನು ಆರು ಕಡೆಗೆ ಕಳುಹಿಸಿದಳು. ಎರಡು ಕಡೆಯಿಂದ ಕರೆ ಬಂದಿತು. ಒಂದು ಕಡೆ ಹಾಲಿನ ಲೆಕ್ಕದಲ್ಲಿ ತಪ್ಪು ಬಂದಾಗ ಅದನ್ನು ಹಿಡಿಯುವುದು ಹೇಗೆಂದು ಹತ್ತು ನಿಮಿಷ ಕೇಳಿದರಂತೆ. ನಿರರ್ಗಳವಾಗಿ ಉತ್ತರ ಹೇಳಿಬಂದಳು. ಕಪ್ಪುಹಲಗೆಯ ಹಳೆಯ ಮಾದರಿಯನ್ನು ನಾನು ಈಗ ಬರೆಸುತ್ತಿಲ್ಲ.