ಪಿಟೀಲಿನ ಒಳಗು ಕಂಡವರು

ಮೋಶೆ ವೈನ್‌ಸ್ಟೈನ್ ಮೊದಲಿಗೆ ಪಿಟೀಲುವಾದಕರು. ವಿಲ್ನಾ ನಗರದ ಸಂಗೀತಶಾಲೆಯಲ್ಲಿ ಕಲಿತ ಅವರು 1938ರಲ್ಲಿ ಪತ್ನಿಯೊಡನೆ ಪ್ಯಾಲೆಸ್ಟೈನಿಗೆ ವಲಸೆ ಹೋದರು. ಅಲ್ಲಿ ವಾದ್ಯ ಸರಿಪಡಿಸಬಲ್ಲವರ ಅಗತ್ಯ ಬೀಳುತ್ತದೆಂದು ಮನಗಂಡು, ಹೊರಡುವ ಮೊದಲೇ ವಾರ್ಸಾದಲ್ಲಿ ಆ ಕೆಲಸವನ್ನು ಕಲಿತಿದ್ದರು. ಟೆಲ್ ಅವೀವಿನಲ್ಲಿ ಅವರು ತೆರೆದ ಅಂಗಡಿ ಮೂರು ತಲೆಮಾರುಗಳ ಕಸುಬಿಗೆ ತಳಹದಿಯಾಯಿತು.

ಪಿಟೀಲುವಾದಕ ಬ್ರೊನಿಸ್ವಾಫ್ ಹುಬರ್‌ಮನ್ 1936ರಲ್ಲಿ ಕಟ್ಟಿದ ಪ್ಯಾಲೆಸ್ಟೈನ್ ವಾದ್ಯವೃಂದಕ್ಕೆ ಯುರೋಪಿನಿಂದ ಬಂದ ಯಹೂದಿ ಕಲಾವಿದರಲ್ಲಿ ಹಲವರ ಬಳಿ ಇದ್ದದ್ದು ಜರ್ಮನಿಯ ಪಿಟೀಲುಗಳೇ. ಯುದ್ಧ ಮುಗಿದು ನಾಜಿ ಹತ್ಯಾಕಾಂಡದ ಭೀಕರತೆ ತಿಳಿದ ಮೇಲೆ ಅವನ್ನು ಮುಟ್ಟಲು ಅವರಿಗೆ ಮನಸ್ಸಾಗಲಿಲ್ಲ. ಕೊಳ್ಳುವವರಿಲ್ಲವೆಂದು ಗೊತ್ತಿದ್ದೂ ಮೋಶೆ ಆ ವಾದ್ಯಗಳನ್ನು ಕೊಂಡು ಕಾಪಾಡಿದರು.

ಅವರ ಕಸುಬಿನ ಮರ್ಮ ಪಿಟೀಲಿನ ಕಟ್ಟಣೆಯಲ್ಲೇ ಇದೆ. ಅದರ ಮೇಲ್ಹಲಗೆ ಸ್ಪ್ರೂಸ್ ಮರದ್ದು. ಹಿಂಬದಿ ಮತ್ತು ಪಕ್ಕಗಳು ಮೇಪಲ್ ಮರದವು. ಇವನ್ನು ಕೂಡಿಸುವುದು ಪ್ರಾಣಿಗಳ ಚರ್ಮವನ್ನು ಕಾಯಿಸಿ ತೆಗೆದ ಅಂಟು. ಬಿಸಿ ಮತ್ತು ತೇವ ತಾಕಿದರೆ ಅದು ಸಡಿಲವಾಗುತ್ತದೆ. ತೆಳುವಾದ ಚೂರಿಯನ್ನು ಅಂಚಿನಲ್ಲಿ ನವಿರಾಗಿ ಸರಿಸುತ್ತ ಹೋದರೆ, ಮರ ಸೀಳದೆ ಮೇಲ್ಹಲಗೆ ಕಳಚಿಕೊಳ್ಳುತ್ತದೆ. ಬಿಚ್ಚಿ ಸರಿಪಡಿಸಲು ಆಗುವಂತೆ ಕಟ್ಟಿರುವುದರಿಂದಲೇ ಪಿಟೀಲು ಶತಮಾನಗಳ ಕಾಲ ಬಾಳುತ್ತದೆ. ಒಳಗೆ, ತಂತಿಗಳನ್ನು ಎತ್ತಿಹಿಡಿಯುವ ‘ಕುದುರೆ’ಯ ಒಂದು ಕಾಲಿನ ಹತ್ತಿರ, ಅಂಟಿಲ್ಲದೆ ನಿಂತಿರುವ ಸಣ್ಣ ಕಡ್ಡಿಯೊಂದಿದೆ. ಇಟಲಿಯವರು ಅದನ್ನು ‘ಆತ್ಮ’ ಎನ್ನುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ನಾದ ಬದಲಾಗುತ್ತದೆ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಕೈಯಷ್ಟೇ ಕಿವಿಯೂ ಪಳಗಿರಬೇಕು. ನುಡಿಸಿ ಬಲ್ಲವರಿಗೆ ಈ ಕಸುಬು ಒಲಿಯುವುದು ಇದಕ್ಕಾಗಿಯೇ.

1939ರಲ್ಲಿ ಹುಟ್ಟಿದ ಮಗ ಅಮ್ನೋನ್ ತಂದೆಯ ಬಳಿಯೇ ಪಾಠ ಆರಂಭಿಸಿ, ಇಟಲಿಯ ಕ್ರೆಮೋನಾದಲ್ಲೂ ಪ್ಯಾರಿಸ್ಸಿನಲ್ಲಿ ಪಿಟೀಲು ತಯಾರಕ ಎಟಿಯೆನ್ ವಾಟೆಲೋ ಅವರಲ್ಲೂ ತರಬೇತಿ ಪಡೆದರು. ಒಮ್ಮೆ ಗಿರಾಕಿಯೊಬ್ಬರು ಆಶ್‌ವಿಟ್ಜ್ ಶಿಬಿರದಲ್ಲಿ ನುಡಿಸಿದ್ದ ಪಿಟೀಲನ್ನು ದುರಸ್ತಿಗೆ ತಂದರು. ಮೇಲ್ಹಲಗೆ ತೆಗೆದಾಗ ಒಳಗೆ ಕಂಡದ್ದು ಕಪ್ಪು ಪುಡಿ. ಅದು ಅಲ್ಲಿನ ಚಿತಾಗಾರಗಳ ಬೂದಿ ಎಂದೇ ಅಮ್ನೋನ್ ನಂಬಿದರು. ಅಂಥ ಪಿಟೀಲುಗಳ ಕೆಲಸಕ್ಕೆ ಇಳಿಯಲು ಆಗ ಅವರ ಕೈ ಏಳಲಿಲ್ಲ.

ಮುಂದೆ 1990ರ ದಶಕದಲ್ಲಿ ಅವರ ಮನಸ್ಸು ಗಟ್ಟಿಯಾಯಿತು. ಯಹೂದಿಗಳು ನುಡಿಸಿದ್ದ ಪಿಟೀಲುಗಳನ್ನು ಹುಡುಕಿ ತರಿಸಿ ಜೀವ ತುಂಬತೊಡಗಿದರು. ‘ಭರವಸೆಯ ಪಿಟೀಲುಗಳು’ ಎಂದು ಹೆಸರಾದ ಈ ಸಂಗ್ರಹದ ವಾದ್ಯಗಳು 2008ರಲ್ಲಿ ಜೆರುಸಲೇಮಿನ ಕಚೇರಿಯಲ್ಲಿ ನುಡಿದವು. ಆಶ್‌ವಿಟ್ಜ್ ವಿಮೋಚನೆಯಾಗಿ 70 ವರ್ಷ ತುಂಬಿದ ದಿನ, 2015ರ ಜನವರಿ 27ರಂದು, ಬರ್ಲಿನ್ ಫಿಲ್‌ಹಾರ್ಮೊನಿಕ್ ಕಲಾವಿದರ ಕೈಯಲ್ಲೂ ಹಾಡಿದವು.

ಆದರೆ ಸಂಗ್ರಹದ ಒಂದು ಪಿಟೀಲನ್ನು ಅಮ್ನೋನ್ ಬೇಕೆಂದೇ ದುರಸ್ತಿ ಮಾಡಲಿಲ್ಲ. ಹಿಂದೆ ಅದನ್ನು ಬಿಚ್ಚಿದ್ದ ಯಾರೋ ರಿಪೇರಿಯವನು ಒಳಮೈಯಲ್ಲಿ ನಾಜಿಗಳ ಸ್ವಸ್ತಿಕ ಬಿಡಿಸಿ, ಹಿಟ್ಲರನ ಜೈಕಾರವನ್ನೂ 1936 ಎಂಬ ಇಸವಿಯನ್ನೂ ಬರೆದು ಮುಚ್ಚಿಬಿಟ್ಟಿದ್ದ. ವಾದ್ಯದ ಒಳಗು ಅದರ ಒಡೆಯನಿಗೆ ಕಾಣುವುದಿಲ್ಲ. ಬಿಚ್ಚುವವನನ್ನು ನಂಬಿಯೇ ಅವನು ಅದನ್ನು ಒಪ್ಪಿಸಿರುತ್ತಾನೆ. ಆ ನಂಬಿಕೆಗೆ ಬಗೆದ ದ್ರೋಹದ ಸಾಕ್ಷಿಯಾಗಿ ಆ ಪಿಟೀಲು ಹಾಗೆಯೇ ಉಳಿದಿದೆ.

ಅಮ್ನೋನ್ 2024ರ ಮಾರ್ಚಿನಲ್ಲಿ ತೀರಿಕೊಂಡರು. ತಂದೆಯಿಂದ ಕಸುಬು ಕಲಿತ ಮಗ ಅವ್ಶಾಲೋಮ್ ಆ ಕೆಲಸವನ್ನು ಮುಂದುವರಿಸಿದ್ದಾರೆ.