ಅಪ್ಪ ಉಳಿಸಿಟ್ಟ ಗುಳಿಗೆಗಳು

ಕಳೆದ ವರ್ಷ ದಸರೆ ರಜೆಗೆ ಪುಣೆಯಿಂದ ರಾಣೆಬೆನ್ನೂರಿಗೆ ಹೋಗಿದ್ದೆ. ಅಪ್ಪನ ಪಿಂಚಣಿ ಕಾಗದ ಹುಡುಕಲು ಕಪಾಟು ತೆರೆದಾಗ ಸೀರೆಗಳ ಹಿಂದೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಕತ್ತರಿಯಿಂದ ನೀಟಾಗಿ ಕತ್ತರಿಸಿದ ಸ್ಟ್ರಿಪ್ ತುಂಡುಗಳು. ಎಣಿಸಿದೆ. 47 ಗುಳಿಗೆ. ಎಲ್ಲವೂ ಅಪ್ಪನ ಕ್ಯಾನ್ಸರ್ ಗುಳಿಗೆಗಳೇ.

ಅದರ ಹಿಂದಿನ ವಾರವಷ್ಟೇ ಹುಬ್ಬಳ್ಳಿಯ ವೈದ್ಯರು ಫೋನಿನಲ್ಲಿ ಕೇಳಿದ್ದರು: ‘ನಿಮ್ಮ ತಂದೆಯವರು ದಿನಾ ಗುಳಿಗಿ ತಗೋತಾರೇನ್ರಿ? ಈ ಸಲದ ರಿಪೋರ್ಟ್ ಸರಿ ಇಲ್ಲ.’ ತಗೋತಾರೆ ಎಂದು ನಾನು ಎದೆ ತಟ್ಟಿ ಹೇಳಿದ್ದೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಕೊರಿಯರ್ ಮಾಡುವವನು ನಾನೇ ಅಲ್ಲವೇ!

ಅಪ್ಪನಿಗೆ ಇರುವುದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್. ನಾಲ್ಕು ವರ್ಷಗಳಿಂದ ದಿನಕ್ಕೊಂದು 400 ಮಿಲಿಗ್ರಾಂ ಇಮ್ಯಾಟಿನಿಬ್ ಗುಳಿಗೆ. ಕೂದಲು ಉದುರಲಿಲ್ಲ, ಆಸ್ಪತ್ರೆಯಲ್ಲಿ ಮಲಗಲಿಲ್ಲ. ಬೆಳಿಗ್ಗೆ ವಾಕಿಂಗ್, ಸಂಜೆ ಗುಡಿಯ ಕಟ್ಟೆಯ ಮೇಲೆ ಹರಟೆ. ಹೀಗೆ ಆರಾಮಾಗಿರುವುದೇ ನಮ್ಮನ್ನು ಮೈಮರೆಸಿತು.

‘ಡಬ್ಬಿ ಯಾಕ ಅಪ್ಪಾ?’ ಎಂದು ಕೇಳಿದೆ.

‘ಸೋಮವಾರ ಒಪ್ಪತ್ತು ಇರ್ತೇನಲ್ಲಪಾ, ಬರೇ ಹೊಟ್ಟ್ಯಾಗ ನುಂಗಿದ್ರ ವಾಂತಿ ಬರತೈತಿ. ಅಮಾವಾಸ್ಯಿಗೂ ಹಂಗ. ಊರಿಗೆ ಹೋದಾಗ ಒಂದೆರಡು ಬಿಡ್ತೇನಿ. ರಕ್ತ ತಪಾಸಣಿ ಎಲ್ಲಾ ನಾರ್ಮಲ್ ಅಂತ ನೀನ ಹೇಳಿದ್ಯಲ್ಲ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಈ ಗುಳಿಗಿ ತಿಂಗಳಿಗೆ ಲಕ್ಷ ರೂಪಾಯಿ ಅಂತ ಹಿಂದ ಪೇಪರಿನ್ಯಾಗ ಓದಿದ್ದೆ. ನಿನಗೂ ಮಕ್ಕಳದಾವ’ ಎಂದರು.

ಅಪ್ಪ ಓದಿದ್ದು ಸುಳ್ಳಲ್ಲ. ಮೂಲ ಕಂಪನಿಯ ಔಷಧಿ ಒಂದು ಕಾಲದಲ್ಲಿ ತಿಂಗಳಿಗೆ ಲಕ್ಷ ಮೀರಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಭಾರತದ ಕಂಪನಿಗಳು ತಯಾರಿಸುವ ಜೆನೆರಿಕ್ ಗುಳಿಗೆ ಇಂದು ಆ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಆದರೆ ಇದನ್ನು ನಾನು ಅಪ್ಪನಿಗೆ ಒಮ್ಮೆಯೂ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ. ಮಗನ ದುಡ್ಡು ಉಳಿಸುತ್ತಿದ್ದೇನೆ ಎಂದುಕೊಂಡು ಡಬ್ಬಿ ತುಂಬಿಸುತ್ತಾ ಹೋಗಿದ್ದರು.

ತಿಂಗಳಿಗೆ ಆರು, ಅಷ್ಟೇ

ರಿಪೋರ್ಟ್ ಮತ್ತು ಡಬ್ಬಿ ಎರಡನ್ನೂ ಹಿಡಿದು ಹುಬ್ಬಳ್ಳಿಗೆ ಹೋದೆವು. ವೈದ್ಯರು ಬೈಯಲಿಲ್ಲ, ಬಿಡಿಸಿ ಹೇಳಿದರು. ನಮ್ಮ ಜೀವಕೋಶದಲ್ಲಿರುವ 9 ಮತ್ತು 22ನೇ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಈ ಕಾಯಿಲೆ ಹುಟ್ಟುತ್ತದೆ. ಹಾಗೆ ಗಿಡ್ಡವಾದ 22ನೇ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗುರುತಿಸಿದ್ದರಿಂದ ಅದಕ್ಕೆ ಆ ಊರಿನ ಹೆಸರೇ ಬಂದಿದೆ. ಅದರಿಂದ ತಯಾರಾಗುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಆರಿಸಲಾಗದ ಸ್ವಿಚ್ಚಿನ ಹಾಗೆ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಗುಳಿಗೆ ರಕ್ತದಲ್ಲಿ ಇರುವವರೆಗೆ ಮಾತ್ರ ಈ ತಡೆ. ಆಗಾಗ ಬಿಟ್ಟರೆ ಉಳಿದ ರೋಗಕಣಗಳು ಚಿಗುರುತ್ತವೆ, ಔಷಧಿಗೆ ಬಗ್ಗದ ಕಣಗಳು ಬೆಳೆಯುವ ಅಪಾಯವೂ ಇದೆ.

ಸಾಮಾನ್ಯ ರಕ್ತ ತಪಾಸಣೆ ನಾರ್ಮಲ್ ಬಂದಿತೆಂದು ನಾವು ನೆಮ್ಮದಿಯಾಗಿದ್ದೆವು. ಅದು ಕಣಗಳ ಎಣಿಕೆ ಮಾತ್ರ. ಅಳಿದುಳಿದ ಕಾಯಿಲೆಯನ್ನು ಹಿಡಿಯುವುದು ಪಿಸಿಆರ್ ಪರೀಕ್ಷೆ. ಅದು ಶೇ 0.1ಕ್ಕಿಂತ ಕೆಳಗಿರಬೇಕಿತ್ತು. ಅಪ್ಪನದು ಮೊದಲು ಕೆಳಗೇ ಇತ್ತು, ಈಗ ಶೇ 0.6ಕ್ಕೆ ಏರಿತ್ತು.

ಲೆಕ್ಕ ಹಾಕಿದರೆ ಅಪ್ಪ ಬಿಟ್ಟದ್ದು ತಿಂಗಳಿಗೆ ಸುಮಾರು ಆರು ಗುಳಿಗೆ. ಮೂವತ್ತರಲ್ಲಿ ಆರು ಹೋದರೆ ಶೇ 80. ಶಾಲೆಯಲ್ಲಾದರೆ ಒಳ್ಳೆಯ ಹಾಜರಿಯೇ. ಆದರೆ ಲಂಡನ್ನಿನಲ್ಲಿ ಇದೇ ಕಾಯಿಲೆಯ 87 ಮಂದಿಯ ಗುಳಿಗೆ ಬಾಟಲಿಗೆ ಎಲೆಕ್ಟ್ರಾನಿಕ್ ಮುಚ್ಚಳ ಹಾಕಿ ಅಧ್ಯಯನ ಮಾಡಿದ್ದರು. 2010ರಲ್ಲಿ ಪ್ರಕಟವಾದ ಅದರ ಪ್ರಕಾರ, ಶೇ 90ಕ್ಕಿಂತ ಹೆಚ್ಚು ಡೋಸ್ ತೆಗೆದುಕೊಂಡವರಲ್ಲಿ ಬಹುತೇಕ ಎಲ್ಲರೂ ಪಿಸಿಆರ್‌ನ ಆ ಗುರಿ ಮುಟ್ಟಿದ್ದರು. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಮುಟ್ಟಿದವರು ಮೂರರಲ್ಲಿ ಒಬ್ಬರೂ ಇಲ್ಲ.

ನಾವು ತಿದ್ದಿಕೊಂಡದ್ದು

ಒಪ್ಪತ್ತು ಬಿಡಿ ಎಂದು ವೈದ್ಯರು ಹೇಳಲಿಲ್ಲ. ‘ಒಪ್ಪತ್ತಿನ ದಿನವೂ ರಾತ್ರಿ ಉಣ್ಣುತ್ತೀರಲ್ಲ? ಎಲ್ಲಾ ದಿನವೂ ರಾತ್ರಿ ಊಟದ ಜೊತೆಗೇ ತಗೊಳ್ರಿ’ ಎಂದರು. ನಾಲ್ಕು ವರ್ಷ ಮಧ್ಯಾಹ್ನ ನುಂಗುತ್ತಿದ್ದ ಗುಳಿಗೆ ರಾತ್ರಿ ಎಂಟಕ್ಕೆ ಸರಿಯಿತು, ಅಷ್ಟರಲ್ಲಿ ಅರ್ಧ ಸಮಸ್ಯೆ ಮುಗಿಯಿತು. ಹೊಟ್ಟೆ ತುಂಬಾ ಉಂಡು, ದೊಡ್ಡ ಲೋಟ ನೀರಿನೊಂದಿಗೆ ಕುಳಿತು ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಮರೆತರೆ ಮರುದಿನ ಎರಡು ನುಂಗುವಂತಿಲ್ಲ, ಮಾಮೂಲಿ ಒಂದೇ. ನುಂಗಿದ ಮೇಲೆ ವಾಂತಿಯಾದರೂ ಅಷ್ಟೇ, ಇನ್ನೊಂದು ನುಂಗದೆ ಮುಂದಿನ ಹೊತ್ತಿಗೆ ಕಾಯಬೇಕು.

ಗುಳಿಗೆಯನ್ನು ಪುಡಿ ಮಾಡಬಾರದು. ನುಂಗಲು ಆಗದವರು ನೀರಿನಲ್ಲಿ ಕರಗಿಸಿ ಕುಡಿಯುವ ಕ್ರಮವಿದೆ, ಅದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮನೆಯಲ್ಲಿ ಬಸುರಿಯರಿದ್ದರೆ ಒಡೆದ ಗುಳಿಗೆ ಅವರ ಕೈಗೆ ತಾಗದಂತೆ ನೋಡಿಕೊಳ್ಳಬೇಕು. ಈ ಔಷಧಿ ಸೇವಿಸುವ ಹೆಣ್ಣುಮಕ್ಕಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು, ಮಗು ಬೇಕೆಂದಿದ್ದರೆ ಮೊದಲು ವೈದ್ಯರ ಜೊತೆ ಮಾತಾಡಬೇಕು. ಸ್ಟ್ರಿಪ್ ಒಲೆಯ ಮೇಲಿನ ಹಲಗೆಯಲ್ಲಿ ಬೇಡ, ತಣ್ಣಗಿನ ಒಣ ಜಾಗದಲ್ಲಿರಲಿ.

ನನಗೆ ಹೊಸದೆನಿಸಿದ್ದು ಬೇರೆ ಔಷಧಿಗಳ ಜೊತೆಗಿನ ತಿಕ್ಕಾಟ. ಇಮ್ಯಾಟಿನಿಬ್ ಅನ್ನು ಅರಗಿಸುವ ಲಿವರ್‌ನ ಕಿಣ್ವವನ್ನೇ ಇತರ ಹಲವು ಔಷಧಿಗಳೂ ಮುಟ್ಟುತ್ತವೆ. ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್, ಕೆಲವು ಆ್ಯಂಟಿಬಯಾಟಿಕ್‌ಗಳು ರಕ್ತದಲ್ಲಿ ಗುಳಿಗೆಯ ಪ್ರಮಾಣ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಇಳಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣು ನಿಷಿದ್ಧ. ನಮ್ಮ ಚಕ್ಕೋತ ಅದರ ಹತ್ತಿರದ ಬಂಧುವಾದ್ದರಿಂದ ಅಪ್ಪ ಅದನ್ನೂ ಬಿಟ್ಟಿದ್ದಾರೆ. ರಕ್ತ ತೆಳುವಾಗಿಸುವ ವಾರ್ಫರಿನ್, ಕೊಲೆಸ್ಟ್ರಾಲ್ ಗುಳಿಗೆ, ನೋವು-ಜ್ವರದ ಗುಳಿಗೆ, ನಾಟಿ ಕಷಾಯ, ಯಾವುದೇ ಇರಲಿ, ಮೊದಲು ಕ್ಯಾನ್ಸರ್ ವೈದ್ಯರಿಗೆ ಹೇಳಬೇಕು. ಔಷಧಿಗಳ ಪಟ್ಟಿಯೊಂದನ್ನು ಬರೆದು ಅಪ್ಪನ ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದೇನೆ.

ಪಕ್ಕದ ಮನೆಯವರ ನಿಯಮ ನಮಗೆ ಒಗ್ಗುವುದಿಲ್ಲ ಎನ್ನುವುದೂ ತಿಳಿಯಿತು. ಇದೇ ಕಾಯಿಲೆಗೆ ಕೊಡುವ ನಿಲೋಟಿನಿಬ್ ಖಾಲಿ ಹೊಟ್ಟೆಗೇ ಬೇಕು. ಇಮ್ಯಾಟಿನಿಬ್ ಊಟದ ಜೊತೆಗೇ ಬೇಕು.

ಬೆಳಿಗ್ಗೆ ಕಣ್ಣಿನ ಸುತ್ತ ಸ್ವಲ್ಪ ಊತ, ರಾತ್ರಿ ಮೀನಖಂಡ ಹಿಡಿಯುವುದು ಅಪ್ಪನಿಗೆ ಆಗಾಗ ಇದೆ. ಇವು ಈ ಔಷಧಿಯಲ್ಲಿ ಸಾಮಾನ್ಯ, ವೈದ್ಯರಿಗೆ ಹೇಳಿದರೆ ಉಪಾಯವಿದೆ. ಆದರೆ ತೂಕ ದಿಢೀರನೆ ಏರಿದರೆ, ಏದುಸಿರು ಬಂದರೆ, ಜ್ವರ, ರಕ್ತಸ್ರಾವ, ಕಣ್ಣು ಹಳದಿಯಾಗುವುದು ಕಂಡರೆ ಕಾಯುವಂತಿಲ್ಲ. ತಾವಾಗಿ ಗುಳಿಗೆ ನಿಲ್ಲಿಸುವುದೂ ಸಲ್ಲದು. ವರ್ಷಗಟ್ಟಲೆ ಕಾಯಿಲೆ ಆಳವಾಗಿ ಅಡಗಿದ ಕೆಲವರಲ್ಲಿ ವೈದ್ಯರೇ ಔಷಧಿ ನಿಲ್ಲಿಸಿ ನೋಡುವುದುಂಟು. ಆದರೆ ಆಗ ಮೊದಲ ತಿಂಗಳುಗಳಲ್ಲಿ ಪದೇಪದೇ ಪಿಸಿಆರ್ ಮಾಡಿಸುತ್ತಾ ಕಾವಲು ಕಾಯುತ್ತಾರೆ.

ದೂರದಲ್ಲಿರುವ ನಮಗೆ

ಪರವೂರಿನಲ್ಲಿ ದುಡಿಯುವ ನಾವು ಫೋನಿನಲ್ಲಿ ‘ಗುಳಿಗೆ ತಗೊಂಡ್ರಾ?’ ಎಂದು ಕೇಳುತ್ತೇವೆ, ಅವರು ‘ಹೂಂ’ ಎನ್ನುತ್ತಾರೆ. ನಾನು ಹಾಗೆ ನಾಲ್ಕು ವರ್ಷ ಕೇಳಿದ್ದೇನೆ. ಈಗ ಕೇಳುವುದು ‘ಸ್ಟ್ರಿಪ್‌ನಾಗ ಎಷ್ಟು ಉಳಿದಾವ ಅಪ್ಪಾ?’ ಎಂದು. ಎಣಿಕೆ ತಪ್ಪಿದರೆ ಅಂದೇ ತಿಳಿಯುತ್ತದೆ. ಬಿಲ್ಲನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಬೆಲೆ ನೋಡಿದ ದಿನ ಅಪ್ಪ, ‘ಇಷ್ಟನಾ? ಮೊದಲ ಹೇಳಬಾರದಿತ್ತೇನೋ’ ಎಂದು ನನಗೇ ಬೈದರು.

ಔಷಧಿಗೆ ಬಗ್ಗದ ಕಣಗಳಿಗಾಗಿ ಮಾಡಿಸಿದ ಪರೀಕ್ಷೆಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಅದೇ ಗುಳಿಗೆ, ಆದರೆ ದಿನವೂ. ಮೂರು ತಿಂಗಳಿಗೆ ಪಿಸಿಆರ್ ಇಳಿಯಿತು, ಆರು ತಿಂಗಳಿಗೆ ಮತ್ತೆ ಶೇ 0.1ರ ಕೆಳಗೆ ಬಂತು.

ಅಪ್ಪ ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಮ್ಮ ಹಾಜರಿ ತಾವೇ ಹಾಕಿಕೊಳ್ಳುತ್ತಾರೆ, ರಾತ್ರಿ ಗುಳಿಗೆ ನುಂಗಿದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು. ತಿಂಗಳ ಕೊನೆಗೆ ಅದರ ಫೋಟೊ ನನಗೆ ಬರುತ್ತದೆ. ಹೋದ ತಿಂಗಳು ಮೂವತ್ತಕ್ಕೆ ಮೂವತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಅವ್ವ ಸಾಸಿವೆ ತುಂಬಿಟ್ಟಿದ್ದಾಳೆ.